ಮಾತಿಲ್ಲದವಳ ಮನಸ್ಸು

ಹೆಣ್ಣು ನೋಡಲು ಬಂದವರ ಎದುರಿನಲ್ಲಿ ತಾಯಿಯಾದವಳು ಮಗಳನ್ನು ಹೊಗಳುವ ಮಾತು ನಮ್ಮ ನಾಡಿನಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. “ನಮ್ಮ ಹುಡುಗಿಗೆ ಮಾತು ಕಡಿಮೆ, ಬಾಯಲ್ಲಿ ಬೆರಳಿಟ್ಟರೂ ಕಚ್ಚುವುದಕ್ಕೆ ಬಾರದು” ಎಂಬುದೇ ಆ ಮಾತು. ದಾವಣಗೆರೆಯ ಎಸ್.ಎಸ್. ಬಡಾವಣೆಯ ಹೊಸ ಮಹಡಿಮನೆಯಾಗಲಿ, ಹರಿಹರದ ಹಳೆಯ ಕೇರಿಯ ಹೆಂಚಿನ ಮನೆಯಾಗಲಿ, ಈ ಹೊಗಳಿಕೆಗೆ ಬೆಲೆ ತಗ್ಗಿಲ್ಲ. ಹುಡುಗಿ ಉನ್ನತ ವ್ಯಾಸಂಗ ಮಾಡಿರಬಹುದು. ಬ್ಯಾಂಕಿನಲ್ಲಿ ಮೇಲಧಿಕಾರಿಯಾಗಿ ಹತ್ತು ಜನರಿಗೆ ಅಪ್ಪಣೆ ಕೊಡುತ್ತಿರಬಹುದು. ಆದರೆ ಮನೆಯ ಹೊಸ್ತಿಲೊಳಗೆ ಆಕೆಯ ಸದ್ದು ಕೇಳಬಾರದು. ಸದ್ದಿಲ್ಲದಿರುವುದೇ ಸದ್ಗುಣವೆಂದು ಒಮ್ಮೆ ತೀರ್ಮಾನವಾದ ಮೇಲೆ, ಆ ಮೌನದ ಹಿಂದೆ ಏನಿದೆ ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ.

ಊಟ, ಉಡುಗೆ, ಒಡವೆಗಳ ವಿಷಯದಲ್ಲಿ ಹೆಣ್ಣಿಗೆ ಆಸೆಯಿರುವುದನ್ನು ಲೋಕ ಒಪ್ಪುತ್ತದೆ. ಅದನ್ನು ಕುರಿತು ಹಾಸ್ಯವನ್ನೂ ಮಾಡುತ್ತದೆ. ಬಸುರಿಯ ಬಯಕೆಯನ್ನಂತೂ ಶಾಸ್ತ್ರೋಕ್ತವಾಗಿ ತೀರಿಸುತ್ತದೆ. ಆದರೆ ಹೆಣ್ಣಿನ ದೇಹಕ್ಕೂ ತನ್ನದೇ ಆದ ಒಂದು ಹಂಬಲವಿರಬಹುದು, ಶಾಂತಳೂ ಸುಶೀಲೆಯೂ ಆದ ಗೃಹಿಣಿಯ ಮನಸ್ಸಿನಲ್ಲಿಯೂ ಪ್ರಣಯದ ತೃಷೆ ಇರಬಹುದು ಎಂಬ ಮಾತು ಬಂದೊಡನೆ ಸಭೆ ನಿಶ್ಶಬ್ದವಾಗುತ್ತದೆ. ಮನೆಯಲ್ಲಿ ಯಾರೂ ಕೇಳದ ಈ ಪ್ರಶ್ನೆಯನ್ನು ಕೇಳಿದವರು ಕವಿಗಳು ಮತ್ತು ಕಥೆಗಾರರು. ಕನ್ನಡದಲ್ಲಿ ಈ ವಿಚಾರಣೆಗೆ ಎಂಟುನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ.

ಇರುಳಿನ ಹಾಡು

ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಕವಿಚಕ್ರವರ್ತಿ ಜನ್ನನು 1209ರಲ್ಲಿ ‘ಯಶೋಧರ ಚರಿತೆ’ಯನ್ನು ಮುಗಿಸಿದನು. ಉಜ್ಜಯಿನಿಯ ಅರಸ ಯಶೋಧರ ತರುಣ, ಸುಂದರ, ಮಡದಿಯಲ್ಲಿ ಅನುರಕ್ತ. ರಾಣಿ ಅಮೃತಮತಿಗೆ ಹೊರನೋಟಕ್ಕೆ ಯಾವ ಕೊರತೆಯೂ ಇಲ್ಲ. ಒಂದು ರಾತ್ರಿ ಅರಸನ ತೋಳಿನಲ್ಲಿ ಮಲಗಿದ್ದಾಗ ಗಜಶಾಲೆಯ ಕಡೆಯಿಂದ ಒಂದು ಹಾಡು ತೇಲಿಬರುತ್ತದೆ. ಆ ದನಿಗೆ ಅವಳ ಮನಸ್ಸು ಸೋಲುತ್ತದೆ. ಹಾಡಿದವನನ್ನು ಕಂಡುಬರಲು ಕೆಳದಿಯನ್ನು ಕಳಿಸುತ್ತಾಳೆ. ಅವನೋ ಮಾವುತ ಅಷ್ಟಾವಂಕ, ಹೆಸರಿಗೆ ತಕ್ಕಂತೆ ಕುರೂಪಿ. ಕೆಳದಿ ಬಂದು ಹೇಳಿದ ವರ್ಣನೆಯನ್ನು ಕೇಳಿಯೂ ರಾಣಿ ಹಿಂದೆಗೆಯುವುದಿಲ್ಲ. ತಡವಾಗಿ ಬಂದಳೆಂದು ಅವನು ಹೊಡೆದರೂ ಸಹಿಸುತ್ತಾಳೆ. ಹಗಲಿನಲ್ಲಿಯಾದರೋ ಆಕೆ ಮತ್ತೆ ಸುಕುಮಾರಿಯಾದ ಮಹಾರಾಣಿ. ಅರಸನು ಸರಸದಿಂದ ನೈದಿಲೆ ಹೂವಿನಲ್ಲಿ ತಟ್ಟಿದರೆ ಮೂರ್ಛೆ ಹೋಗುವಷ್ಟು ಕೋಮಲೆ!

ಕಾವ್ಯದ ಉದ್ದೇಶ ಅಹಿಂಸಾಧರ್ಮದ ಪ್ರತಿಪಾದನೆ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪಮಾತ್ರದ ಹಿಂಸೆಗಾಗಿ ಅರಸನೂ ಅವನ ತಾಯಿಯೂ ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾರೆ. ಅವರಿಬ್ಬರಿಗೂ ವಿಷವುಣ್ಣಿಸಿದ ಅಮೃತಮತಿಗೆ ನರಕಗತಿ ಪ್ರಾಪ್ತವಾಗುತ್ತದೆ. ಕವಿಯ ತೀರ್ಪು ಹೀಗೆ ಕಠಿಣವಾದುದೇ. ಆದರೆ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಅಮೃತಮತಿಯ ಬಯಕೆಗೆ ಜನ್ನನು ಗಂಡನ ಮುಪ್ಪನ್ನಾಗಲಿ, ಕ್ರೌರ್ಯವನ್ನಾಗಲಿ, ಅಲಕ್ಷ್ಯವನ್ನಾಗಲಿ ಕಾರಣವಾಗಿ ಒಡ್ಡಲಿಲ್ಲ. ಮನಸ್ಸು ಲೆಕ್ಕಾಚಾರಕ್ಕೆ ಸಿಕ್ಕುವ ವಸ್ತುವಲ್ಲ ಎಂಬುದನ್ನು ಆತ ಬಲ್ಲವನಾಗಿದ್ದನು. ಖಂಡಿಸಿದರೂ ಸುಳ್ಳು ಹೇಳಲಿಲ್ಲ. ಆದುದರಿಂದಲೇ ಆ ಕಥೆ ಇಂದಿಗೂ ಸತ್ತಿಲ್ಲ. ಗಿರೀಶ ಕಾರ್ನಾಡರು 1980ರಲ್ಲಿ ಅದೇ ವಸ್ತುವನ್ನು ‘ಹಿಟ್ಟಿನ ಹುಂಜ’ ನಾಟಕವಾಗಿಸಿ, ಅರಸ, ರಾಣಿ, ರಾಜಮಾತೆ, ಮಾವುತ ಈ ನಾಲ್ವರನ್ನೂ ಒಂದೇ ರಾತ್ರಿಯ ಕತ್ತಲಲ್ಲಿ ಎದುರುಬದುರಾಗಿ ನಿಲ್ಲಿಸಿದರು. ಪಾಪಿಯೆಂದು ಮಾತ್ರ ಹೆಸರಾಗಿದ್ದ ರಾಣಿಗೆ ಅಲ್ಲಿ ತನ್ನ ಪಕ್ಷವನ್ನು ತಾನೇ ನುಡಿಯುವ ಅವಕಾಶ ಒದಗಿತು.

ಎರಡು ದಾರಿಗಳು

ಅಮೃತಮತಿಯ ಕಥೆ ಗಂಡಸು ಬರೆದುದು. ಹೆಣ್ಣೇ ಬರೆದಾಗ ಏನಾಯಿತು? ದಾವಣಗೆರೆಗೆ ನೆರೆಯದಾದ ಶಿವಮೊಗ್ಗ ಜಿಲ್ಲೆಯ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿ ಹನ್ನೆರಡನೆಯ ಶತಮಾನದಲ್ಲಿ ಅರಸ ಕೌಶಿಕನ ಅರಮನೆಯನ್ನು ತೊರೆದು ಹೊರಟಳು. ಆಕೆಯ ವಚನಗಳಲ್ಲಿ ವಿರಹವಿದೆ, ಕಾತರವಿದೆ, ಮಿಲನದ ಉತ್ಕಟತೆಯಿದೆ. ಆದರೆ ಅದೆಲ್ಲವೂ ಚೆನ್ನಮಲ್ಲಿಕಾರ್ಜುನನಿಗೆ ಮೀಸಲು. ಲೋಕದ ಗಂಡನ ಮುಂದೆ ಆಡಬಾರದ ಮಾತನ್ನು ದೇವರೆಂಬ ಗಂಡನ ಮುಂದೆ ಆಡಬಹುದಾಗಿತ್ತು. ಊರೂರಿನ ಅಕ್ಕನ ಬಳಗಗಳಲ್ಲಿ ಇಂದಿಗೂ ಭಕ್ತಿಯಿಂದ ಹಾಡುವ ಆ ವಚನಗಳಲ್ಲಿ ಹೆಣ್ಣಿನ ಬಯಕೆ ಎಷ್ಟು ನಿಸ್ಸಂಕೋಚವಾಗಿ ಮಾತಾಡಿದೆ ಎಂಬುದನ್ನು ಹಾಡುವವರು ಬಲ್ಲರು. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಮತ್ತೊಂದು ದಾರಿ ಸಂಚಿಯ ಹೊನ್ನಮ್ಮನದು. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಈಕೆ ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ವನ್ನು ರಚಿಸಿದಳು. ಪತಿವ್ರತೆಯ ನಡೆನುಡಿ ಹೇಗಿರಬೇಕೆಂಬುದೇ ಅದರ ವಸ್ತು. ಹೆಣ್ಣುಮಕ್ಕಳನ್ನು ಹೀನವಾಗಿ ಕಾಣುವವರನ್ನು ಆಕೆ ಧೈರ್ಯವಾಗಿ ಪ್ರಶ್ನಿಸಿದ್ದುಂಟು. ಆದರೆ ಬಯಕೆಯ ವಿಷಯಕ್ಕೆ ಬಂದಾಗ ಸಂಯಮವೇ ಆಕೆಯ ಬೋಧೆ. ದೇವರಿಗೆ ಒಪ್ಪಿಸುವುದು, ಇಲ್ಲವೆ ಅಡಗಿಸುವುದು: ಹೆಣ್ಣಿಗೆ ಉಳಿದಿದ್ದ ದಾರಿಗಳು ಇವೆರಡೇ ಎಂದು ತೋರುತ್ತದೆ.

ನಂಜನಗೂಡಿನ ನಾಗರತ್ನಮ್ಮ

ಮೂರನೆಯ ದಾರಿಯೊಂದಿದೆ ಎಂದು ಹೇಳಿದವಳಿಗೆ ಏನಾಯಿತೆಂಬುದನ್ನು ತಿಳಿಯಲು ಬೆಂಗಳೂರು ನಾಗರತ್ನಮ್ಮನವರ ವೃತ್ತಾಂತವನ್ನು ನೋಡಬೇಕು. 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿ ಮನೆತನದಲ್ಲಿ ಹುಟ್ಟಿದ ಈಕೆ ಸಂಗೀತದಲ್ಲಿ ಪ್ರಸಿದ್ಧರಾಗಿ ಮದರಾಸಿನಲ್ಲಿ ನೆಲೆಸಿದರು. ಕನ್ನಡ, ತೆಲುಗು, ಸಂಸ್ಕೃತಗಳಲ್ಲಿ ಒಳ್ಳೆಯ ಪರಿಶ್ರಮವಿದ್ದವರು. ತಂಜಾವೂರಿನ ಪ್ರತಾಪಸಿಂಹ ಮಹಾರಾಜನ ಕಾಲದಲ್ಲಿ, ಅಂದರೆ ಹದಿನೆಂಟನೆಯ ಶತಮಾನದಲ್ಲಿ, ಮುದ್ದುಪಳನಿ ಎಂಬ ವಿದುಷಿ ತೆಲುಗಿನಲ್ಲಿ ರಚಿಸಿದ್ದ ‘ರಾಧಿಕಾ ಸಾಂತ್ವನಮು’ ಕಾವ್ಯ ಇವರ ಕಣ್ಣಿಗೆ ಬಿತ್ತು. ಹಿಂದಿನ ಮುದ್ರಣವೊಂದರಲ್ಲಿ ಕವಯಿತ್ರಿ ತನ್ನ ವಂಶವನ್ನು ಹೇಳಿಕೊಂಡಿದ್ದ ಪೀಠಿಕೆಯೇ ಬಿಟ್ಟುಹೋಗಿತ್ತು. ನಾಗರತ್ನಮ್ಮನವರು ಹಸ್ತಪ್ರತಿಯನ್ನು ಹುಡುಕಿ ತರಿಸಿ, ಬಿಟ್ಟುದನ್ನು ಸೇರಿಸಿ, 1910ರಲ್ಲಿ ಮದರಾಸಿನ ವಾವಿಳ್ಳ ಸಂಸ್ಥೆಯ ಮೂಲಕ ಪ್ರಕಟಿಸಿದರು.

ಕಾವ್ಯದ ವಸ್ತು ಹೀಗಿದೆ: ತಾನೇ ಸಾಕಿ ಬೆಳೆಸಿದ ಇಳೆಯನ್ನು ರಾಧೆ ಕೃಷ್ಣನಿಗೆ ಒಪ್ಪಿಸುತ್ತಾಳೆ, ಅನಂತರ ಅಸೂಯೆಯಿಂದ ಬೇಯುತ್ತಾಳೆ, ಕೊನೆಗೆ ಕೃಷ್ಣನೇ ಬಂದು ಅವಳನ್ನು ಸಂತೈಸಬೇಕಾಗುತ್ತದೆ. ಶೃಂಗಾರಕಾವ್ಯಗಳಲ್ಲಿ ಸಾಮಾನ್ಯವಾಗಿ ಗಂಡಿನ ಕಣ್ಣಿಗೆ ವಸ್ತುವಾಗುವ ಹೆಣ್ಣು ಇಲ್ಲಿ ತಾನೇ ಬಯಸುತ್ತಾಳೆ, ತಾನೇ ಮುಂದಾಗುತ್ತಾಳೆ, ತನಗೆ ಬೇಕಾದುದನ್ನು ತಾನೇ ಕೇಳುತ್ತಾಳೆ. ಸಮಾಜಸುಧಾರಕರೆಂದು ಖ್ಯಾತರಾಗಿದ್ದ ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ಇದು ಹೆಂಗಸರ ಬಾಯಲ್ಲಿ ಬರಬಾರದ, ಅವರ ಕಿವಿಗೆ ಬೀಳಬಾರದ ಕೃತಿಯೆಂದು ಆಕ್ಷೇಪಿಸಿದರು. ನಾಗರತ್ನಮ್ಮನವರು ಸುಮ್ಮನಿರಲಿಲ್ಲ. ಲಜ್ಜೆ ಎಂಬುದು ಹೆಂಗಸರಿಗೆ ಮಾತ್ರವೆ, ಗಂಡಸರಿಗೆ ಬೇಡವೆ? ಗಂಡಸರು ಬರೆದ ಇಂಥವೇ ಕಾವ್ಯಗಳನ್ನು ಮೆಚ್ಚಿದವರಿಗೆ ಇದೊಂದು ಮಾತ್ರ ಹೇಗೆ ಅಶ್ಲೀಲವಾಯಿತು? ಅವರ ವಾದದ ತಿರುಳು ಇದಾಗಿತ್ತು.

ವಾದಕ್ಕೆ ಉತ್ತರ ಬರಲಿಲ್ಲ, ಪೋಲೀಸರು ಬಂದರು. 1911ರಲ್ಲಿ ಸರ್ಕಾರ ಪುಸ್ತಕದ ಮೇಲೆ ಕ್ರಮ ಕೈಗೊಂಡಿತು. ನಿಷೇಧ ತೆರವಾದದ್ದು 1947ರಲ್ಲಿ, ಟಂಗುಟೂರಿ ಪ್ರಕಾಶಂ ಅವರು ಮದರಾಸು ಪ್ರಾಂತದ ಮುಖ್ಯಸ್ಥರಾಗಿದ್ದಾಗ. ನಡುವೆ ಕಳೆದುಹೋದದ್ದು 36 ವರ್ಷ! ಪುಸ್ತಕ ಮರಳಿ ಅಚ್ಚಾದ 1952ರಲ್ಲಿಯೇ ನಾಗರತ್ನಮ್ಮನವರು ಕಾಲವಾದರು. ತಿರುವೈಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ಸ್ವಂತ ಹಣದಿಂದ ಗುಡಿ ಕಟ್ಟಿಸಿದ ಪುಣ್ಯಾತ್ಮೆಯೆಂದು ಸಂಗೀತಲೋಕ ಅವರನ್ನು ಪೂಜಿಸುತ್ತದೆ. ಅದೇ ಕೈ ಈ ಶೃಂಗಾರಕಾವ್ಯವನ್ನೂ ಉಳಿಸಿತು ಎಂಬುದನ್ನು ನೆನೆಯುವವರು ಕಡಿಮೆ. ಭಕ್ತಿಗೂ ಶೃಂಗಾರಕ್ಕೂ ಅವರ ಮನಸ್ಸಿನಲ್ಲಿ ವಿರೋಧವಿರಲಿಲ್ಲ. ವಿರೋಧವಿದ್ದುದು ನೋಡುವವರ ಕಣ್ಣಿನಲ್ಲಿ.

ಕಾದಂಬರಿಯ ಯುಗ

ಹೊಸಗನ್ನಡದ ಕಾದಂಬರಿ ಬೆಳೆದಂತೆಲ್ಲ ಈ ಪ್ರಶ್ನೆ ಮಧ್ಯಮ ವರ್ಗದ ಮನೆಯೊಳಕ್ಕೇ ಬಂದಿತು. ವೇಶ್ಯಾಜೀವನವನ್ನು ಕುರಿತು ಅ.ನ. ಕೃಷ್ಣರಾಯರು ಬರೆದ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳು ಅಶ್ಲೀಲವೆಂಬ ಕೂಗೆದ್ದಾಗ, ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಗ್ರಂಥವನ್ನೇ ಬರೆದು ಉತ್ತರ ಕೊಟ್ಟರು. ಆದರೆ ಅಲ್ಲಿನ ಹೆಣ್ಣು ಬೀದಿಯವಳು. ಓದುವ ಗೃಹಿಣಿಗೆ ಆಕೆ ‘ಬೇರೆಯವಳು’. ಸ್ವಂತ ಮನೆಯ ಕನ್ನಡಿಯನ್ನು ಹಿಡಿದವರು ತ್ರಿವೇಣಿ.

ಅನಸೂಯಾ ಶಂಕರ್ ಎಂಬ ಹೆಸರಿನ ಈ ಲೇಖಕಿ ಮನಶ್ಶಾಸ್ತ್ರವನ್ನು ಓದಿದವರು, ಬಿ.ಎಂ. ಶ್ರೀಕಂಠಯ್ಯನವರ ತಮ್ಮನ ಮಗಳು. 1928ರಲ್ಲಿ ಹುಟ್ಟಿ, 1963ರಲ್ಲಿ, ಹೆರಿಗೆಯ ಬೆನ್ನಿಗೇ ತೀರಿಕೊಂಡರು. ಮೂವತ್ತೈದು ತುಂಬದ ಆಯುಸ್ಸಿನಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದರು. ಅವರ ‘ಶರಪಂಜರ’ದ ಕಾವೇರಿ ಎಲ್ಲರೂ ಮೆಚ್ಚುವ ಸೊಸೆ, ಗಂಡನಿಗೆ ಒಲಿದ ಹೆಂಡತಿ, ತಾಯಿ. ಮದುವೆಗೆ ಮುಂಚಿನ ಒಂದು ಗುಟ್ಟನ್ನು ಮನಸ್ಸಿನ ತಳದಲ್ಲಿ ಹೂತಿಟ್ಟು ಬದುಕುತ್ತಿರುತ್ತಾಳೆ. ಎರಡನೆಯ ಬಾಣಂತನದಲ್ಲಿ ಬುದ್ಧಿಭ್ರಮಣೆಯಾದಾಗ ಆ ಗುಟ್ಟು ಬಾಯಿಗೆ ಬರುತ್ತದೆ. ಚಿಕಿತ್ಸೆಯಿಂದ ಆಕೆ ಗುಣವಾಗುತ್ತಾಳೆ. ಆದರೆ ಮನೆ ಗುಣವಾಗುವುದಿಲ್ಲ. ಗಂಡನ ಉದಾಸೀನ, ನೆರೆಹೊರೆಯವರ ಪಿಸುಮಾತು, ಹುಚ್ಚಿಯೆಂಬ ಪಟ್ಟ ಇವೆಲ್ಲ ಸೇರಿ ಆಕೆಯನ್ನು ಮತ್ತೆ ಆಸ್ಪತ್ರೆಗೆ ನೂಕುತ್ತವೆ. ಗಂಡ ಪರಸ್ತ್ರೀಯ ಬೆನ್ನುಹತ್ತಿದ್ದು ಯಾರಿಗೂ ಅಪರಾಧವೆನಿಸುವುದಿಲ್ಲ. ಹೆಂಡತಿಯ ಕನ್ನೆತನದ ಒಂದು ನೆನಪು ಮಾತ್ರ ಕ್ಷಮಿಸಲಾಗದ ಪಾಪವಾಗುತ್ತದೆ. 1970ರ ದಶಕದ ಆರಂಭದಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಚಿತ್ರವಾಗಿಸಿದಾಗ ಕಲ್ಪನಾ ಅವರ ಕಾವೇರಿಯನ್ನು ಕಂಡು ಕಣ್ಣೊರೆಸಿಕೊಂಡ ಮನೆತನಗಳೆಷ್ಟೋ!

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ಬಾಣಂತಿಯ ಈ ಚಿತ್ತವಿಕಾರ ಪಾಪದ ಫಲವೂ ಅಲ್ಲ, ಅಡಗಿಸಿದ ಬಯಕೆಯ ಶಿಕ್ಷೆಯೂ ಅಲ್ಲ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸುವ, ಬೇಗ ಚಿಕಿತ್ಸೆ ಕೊಡಿಸಿದರೆ ಗುಣವಾಗುವ ರೋಗವೆಂದು ವೈದ್ಯಶಾಸ್ತ್ರ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿಯನ್ನೂ ಕೂಸನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗ 2009ರಲ್ಲಿಯೇ ಆರಂಭವಾಗಿದೆ. ರೋಗಕ್ಕೆ ಔಷಧವುಂಟು. ಗುಣವಾಗಿ ಬಂದವಳನ್ನು ಅನುಮಾನದಿಂದ ನೋಡುವ ಕಣ್ಣಿಗೆ ಔಷಧವಿಲ್ಲ ಎಂಬುದೇ ತ್ರಿವೇಣಿಯವರ ಕಥೆಯ ಮರ್ಮ.

1965ರಲ್ಲಿ ಬಂದ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ದಲ್ಲಿ ಇದೇ ಸಮಸ್ಯೆ ಇನ್ನೊಂದು ಬಗೆಯಾಗಿ ಎದುರಾಗುತ್ತದೆ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ವಿಧವೆ ಸೊಸೆ ಕಾತ್ಯಾಯನಿ ಮೈಸೂರಿಗೆ ಕಾಲೇಜು ಓದಲು ಹೋಗಿ, ಅಧ್ಯಾಪಕ ರಾಜನನ್ನು ಒಲಿದು ಮದುವೆಯಾಗುತ್ತಾಳೆ. ಯೌವನದ ಹಕ್ಕನ್ನು ಆಕೆ ಕದ್ದು ಪಡೆಯಲಿಲ್ಲ. ಮಾವನಿಗೆ ತಿಳಿಸಿಯೇ ಹೊಸ ಬಾಳನ್ನು ಆರಿಸಿಕೊಂಡಳು. ಆದರೂ ಬಿಟ್ಟುಬಂದ ಮಗನ ನೆನಪು, ನಿಲ್ಲದ ಗರ್ಭಗಳು ಆಕೆಯನ್ನು ಸವೆಸಿ ಸಾವಿನತ್ತ ಒಯ್ಯುತ್ತವೆ. ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’ಯ ಮಾಧವಿಯ ಗಂಡ ಯುದ್ಧದಲ್ಲಿ ಗಾಯಗೊಂಡು ದಾಂಪತ್ಯಕ್ಕೆ ಅಶಕ್ತನಾದವನು. ಗಂಡನ ಮೇಲಿನ ಗೌರವ ಒಂದೆಡೆ, ದೇಹದ ಕರೆ ಮತ್ತೊಂದೆಡೆ. ತರುಣನೊಬ್ಬನ ಆಗಮನದಿಂದ ಆಕೆಯ ಶಾಂತ ಬಾಳಿನ ಕಟ್ಟೆ ಒಡೆಯುತ್ತದೆ. 1973ರಲ್ಲಿ ಪುಟ್ಟಣ್ಣನವರೇ ತೆರೆಗೆ ತಂದ ಈ ಕಥೆಯಲ್ಲಿ ಜಯಂತಿಯವರು ಮಾಧವಿಯಾಗಿ ಅಭಿನಯಿಸಿದರು. ಅಂದಿನ ಪ್ರೇಕ್ಷಕರು ಬೆಚ್ಚಿದರು, ಆದರೂ ಟಿಕೆಟ್ಟಿಗೆ ಮುಗಿಬಿದ್ದರು.

ಅಮೃತಮತಿಗೆ ನರಕ, ಕಾವೇರಿಗೆ ಹುಚ್ಚಾಸ್ಪತ್ರೆ, ಕಾತ್ಯಾಯನಿಗೆ ಸಾವು, ಮಾಧವಿಗೂ ಸುಖಾಂತವಿಲ್ಲ. ಬಯಸಿದ ಹೆಣ್ಣು ದಂಡ ತೆರಲೇಬೇಕೆಂಬ ಒಳಕಟ್ಟಳೆ ನಮ್ಮ ಕಥನದಲ್ಲಿ ಎಷ್ಟು ಆಳವಾಗಿ ಬೇರುಬಿಟ್ಟಿದೆ ನೋಡಿ! ಕೆಲವರು ಆ ದಂಡವನ್ನು ನ್ಯಾಯವೆಂದು ಬರೆದರು. ತ್ರಿವೇಣಿಯಂಥವರು ಅನ್ಯಾಯವೆಂದು ತೋರಿಸಲು ಬರೆದರು. ವ್ಯತ್ಯಾಸ ಸಣ್ಣದಲ್ಲ.

ಕ್ಷಮಿಸುವ ಮೌನ

ಈ ಸಾಲಿಗೆ ಸೇರದ ಒಂದು ಮೂರ್ತಿ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. 1976ರಲ್ಲಿ ಪ್ರಕಟವಾದ ಈ ಕಾದಂಬರಿಯ ನಾಯಕಿ ಬಾಲವಿಧವೆ. ಕೇಶಮುಂಡನವಾಗಿ, ಕೆಂಪು ಸೀರೆಯುಟ್ಟು, ನೂರು ವರ್ಷ ಮೀರಿ ಬದುಕಿದ ಮೌನವತಿ. ತನ್ನ ಬಯಕೆಯನ್ನು ಆಕೆ ಯಾರ ಬಳಿಯೂ ಆಡಿಕೊಂಡವಳಲ್ಲ. ಆದರೆ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದೆ ತಿರುಗಿಬಿದ್ದಾಗ, ಮನೆಯವರೆಲ್ಲ ಹಲ್ಲುಕಡಿಯುತ್ತಿದ್ದರೆ, ಫಣಿಯಮ್ಮ ಆ ಹುಡುಗಿಯ ಪಕ್ಷ ವಹಿಸುತ್ತಾಳೆ. ತಾನು ಅನುಭವಿಸದೆ ಬಿಟ್ಟುದನ್ನು ಇನ್ನೊಬ್ಬಳೂ ಬಿಡಬೇಕೆಂಬ ಹಟ ಆಕೆಗಿಲ್ಲ. ಪ್ರೇಮಾ ಕಾರಂತರು 1983ರಲ್ಲಿ ಇದನ್ನು ಚಲನಚಿತ್ರವಾಗಿಸಿದರು.

ವೈದೇಹಿಯವರ ‘ಅಕ್ಕು’ ಕಥೆಯಲ್ಲಿ ಗಂಡ ತೊರೆದುಹೋದ ಹೆಂಗಸು ತಾನು ಬಸುರಿಯೆಂದು ಕಲ್ಪಿಸಿಕೊಂಡು ಬದುಕುತ್ತಾಳೆ. ಮನೆಮಂದಿಗೆ ಆಕೆ ನಗೆಯ ವಸ್ತು. ಓದುಗನಿಗೆ ಮಾತ್ರ ಆ ‘ಹುಚ್ಚಿ’ನ ಒಳಗೆ ಸಂಸಾರಕ್ಕಾಗಿ, ಸ್ಪರ್ಶಕ್ಕಾಗಿ, ಮಗುವಿಗಾಗಿ ಹಂಬಲಿಸುವ ಜೀವ ಕಾಣುತ್ತದೆ. ಚಂಪಾ ಶೆಟ್ಟಿಯವರು 2018ರಲ್ಲಿ ತಂದ ‘ಅಮ್ಮಚ್ಚಿಯೆಂಬ ನೆನಪು’ ಚಿತ್ರದಲ್ಲಿ ಈ ಅಕ್ಕುವೂ ಸೇರಿದ್ದಾಳೆ.

ಕಾನೂನಿನ ಕಣ್ಣು

ಸಾಹಿತಿಗಳು ಹೀಗೆ ಒಳಮನೆಗೆ ದೀಪ ಹಿಡಿಯುತ್ತಿದ್ದಾಗ ಕಾನೂನು ಏನು ಹೇಳುತ್ತಿತ್ತು? 1860ರ ಭಾರತ ದಂಡ ಸಂಹಿತೆಯ 497ನೆಯ ವಿಧಿಯಂತೆ, ಪರರ ಹೆಂಡತಿಯನ್ನು ಗಂಡನ ಒಪ್ಪಿಗೆಯಿಲ್ಲದೆ ಕೂಡಿದ ಗಂಡಸು ಮಾತ್ರ ಅಪರಾಧಿ, ಹೆಂಡತಿಗೆ ಶಿಕ್ಷೆಯಿಲ್ಲ. ಮೇಲುನೋಟಕ್ಕೆ ಇದು ದಯೆಯೆಂದು ತೋರಬಹುದು. ಒಳಹೊಕ್ಕು ನೋಡಿದರೆ, ಹೆಣ್ಣಿಗೆ ಸ್ವಂತ ಇಚ್ಛೆಯೇ ಇಲ್ಲ, ಅವಳು ಒಬ್ಬನ ಸೊತ್ತು, ಮತ್ತೊಬ್ಬ ಅದನ್ನು ಅಪಹರಿಸಿದ ಎಂಬ ಭಾವವೇ ಅದರ ತಳಹದಿ. ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರಿನಲ್ಲಿ ಆ ವಿಧಿಯನ್ನು ರದ್ದುಗೊಳಿಸಿತು.

ಪುಸ್ತಕಗಳ ವಿಚಾರದಲ್ಲಿ 292ನೆಯ ವಿಧಿಯದು ದೀರ್ಘ ಚರಿತ್ರೆ. ಅಂಗವಿಕಲನಾದ ಗಂಡನ ಮೌನಿ ಹೆಂಡತಿಯ ಕಥೆಯಾದ ಡಿ.ಎಚ್. ಲಾರೆನ್ಸನ ‘ಲೇಡಿ ಚಾಟರ್ಲೀಸ್ ಲವರ್’ 1928ರ ಕೃತಿ. ಅದರ ಪ್ರಕಾಶಕರನ್ನು 1960ರಲ್ಲಿ ಲಂಡನ್ನಿನ ನ್ಯಾಯಾಲಯ ನಿರ್ದೋಷಿಗಳೆಂದಿತು. ಅದೇ ಪುಸ್ತಕವನ್ನು ಮಾರಿದ ಮುಂಬಯಿಯ ವ್ಯಾಪಾರಿಯೊಬ್ಬರ ಶಿಕ್ಷೆಯನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 1964ರಲ್ಲಿ ಎತ್ತಿಹಿಡಿಯಿತು. 1969ರ ತಿದ್ದುಪಡಿಯಿಂದ ಸಾಹಿತ್ಯ, ವಿಜ್ಞಾನ, ಕಲೆಗಳ ಹಿತಕ್ಕಾಗಿ ಪ್ರಕಟವಾದ ಕೃತಿಗಳಿಗೆ ರಕ್ಷಣೆ ದೊರೆಯಿತು. ಒಂದು ಸಾಲನ್ನು ಕಿತ್ತು ತೋರಿಸದೆ, ಇಡಿಯ ಕೃತಿಯನ್ನು ಇಂದಿನ ಸಮಾಜದ ಅಳತೆಗೋಲಿನಿಂದ ನೋಡಬೇಕೆಂದು ಅದೇ ನ್ಯಾಯಾಲಯ 2014ರಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ವಿಧಿ 294ನೆಯದಾಗಿ ಮುಂದುವರಿದಿದೆ.

ಬಸ್ ನಿಲ್ದಾಣದ ಹೊತ್ತಗೆ

ಹಾಗಾದರೆ ಬಸ್ ನಿಲ್ದಾಣದ ಅಂಗಡಿಯಲ್ಲಿ ಮಡಿಸಿಟ್ಟು ಮಾರುತ್ತಿದ್ದ ಹೊತ್ತಗೆಗಳೂ ಇಂದು ಕಿಸೆಯ ಯಂತ್ರದಲ್ಲಿಯೇ ಧಾರಾಳವಾಗಿ ದೊರೆಯುವ ಕಥೆಗಳೂ ಸಾಹಿತ್ಯವೆ ಎಂದು ಯಾರಾದರೂ ಕೇಳಬಹುದು. ಅಂಥ ಬರಹಗಳಲ್ಲಿಯೂ ‘ಮೌನಿಯಾದ ಗೃಹಿಣಿ’ಯೇ ನಾಯಕಿಯೆಂಬುದು ನಿಜ. ಆದರೆ ಅಲ್ಲಿ ಆಕೆಗೆ ದೇಹವುಂಟು, ಮನಸ್ಸಿಲ್ಲ, ಬಯಕೆಯುಂಟು, ನಾಳೆಯಿಲ್ಲ. ಓದುವ ಗಂಡಸಿನ ಕಲ್ಪನೆಗೆ ತಕ್ಕಂತೆ ಆಕೆ ಒಪ್ಪುತ್ತಾಳೆ. ಒಲ್ಲೆನೆಂದು ಹೇಳುವ ಸ್ವಾತಂತ್ರ್ಯವಿಲ್ಲದವಳ ‘ಹೌದು’ ಎಂಬ ಮಾತಿಗೆ ಅರ್ಥವೆಲ್ಲಿಯದು? ಒಳ್ಳೆಯ ಕಥೆ ಹೆಣ್ಣಿನ ಬಯಕೆಯನ್ನು ಆಕೆಯ ಕಣ್ಣಿನಿಂದಲೇ ಕಾಣಿಸುತ್ತದೆ. ಅವಳ ಭಯ, ಹೇಸಿಕೆ, ಹಿಂಜರಿಕೆ, ಅಭಿಮಾನಗಳನ್ನೂ ಜೊತೆಗೇ ಹೇಳುತ್ತದೆ. ಓದಿ ಮುಗಿಸಿದಾಗ ಮೈ ಬಿಸಿಯಾಯಿತೆ ಎಂಬುದಲ್ಲ, ಒಂದು ಜೀವದ ಪರಿಚಯವಾಯಿತೆ ಎಂಬುದೇ ಪರೀಕ್ಷೆ.

ತಿಳಿವಳಿಕೆಯ ಕೊರತೆಯನ್ನು ಕಥೆಯೊಂದೇ ತುಂಬಲಾರದು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು ‘ದಾಂಪತ್ಯ ದೀಪಿಕೆ’, ‘ಕೇಳು ಕಿಶೋರಿ’ಗಳಂಥ ಪುಸ್ತಕಗಳಲ್ಲಿ ದೇಹ, ದಾಂಪತ್ಯ, ಬಸಿರುಗಳ ವಿಷಯವನ್ನು ಮರ್ಯಾದೆಗೆ ಕುಂದಿಲ್ಲದಂತೆ, ತಿಳಿಗನ್ನಡದಲ್ಲಿ ಹೇಳಿದರು. ತಾಯಿ ಮಗಳಿಗೆ ಬಾಯಿಬಿಟ್ಟು ಹೇಳಲಾರದ್ದನ್ನು ಪುಸ್ತಕದ ಮೂಲಕ ಹೇಳಿದ ಮನೆಗಳು ನಾಡಿನಲ್ಲಿ ಎಷ್ಟಿರಬಹುದೋ! ನಾಚಿಕೆಯನ್ನು ಬಿಡದೆಯೂ ಅಜ್ಞಾನವನ್ನು ಬಿಡಬಹುದೆಂಬುದಕ್ಕೆ ಆ ಪುಸ್ತಕಗಳೇ ಸಾಕ್ಷಿ.

ಮದುವೆಯಾದ ಹೆಣ್ಣಿನ ಮೌನವನ್ನು ತೃಪ್ತಿಯೆಂದು ತಿಳಿಯುವ ಗಂಡಂದಿರು ಇಂದಿಗೂ ಬಹಳ. ಅದು ತೃಪ್ತಿಯಾಗಿರಬಹುದು, ಬೇಸರವಾಗಿರಬಹುದು, ಹೇಳಿದರೆ ಏನೆಂದುಕೊಳ್ಳುವರೋ ಎಂಬ ಅಂಜಿಕೆಯೂ ಆಗಿರಬಹುದು. ಯಾವುದೆಂದು ತಿಳಿಯಲು ಕಾವ್ಯಮೀಮಾಂಸೆ ಬೇಕಿಲ್ಲ. ಯಶೋಧರನು ಕತ್ತಿಯನ್ನು ಹಿರಿದು ಹಿಂಬಾಲಿಸಿದ; ಕಾವೇರಿಯ ಗಂಡ ಮುಖ ತಿರುಗಿಸಿದ. ಇಬ್ಬರೂ ಹೆಂಡತಿಯನ್ನು ಒಮ್ಮೆಯೂ ಕೂರಿಸಿಕೊಂಡು, “ನಿನ್ನ ಮನಸ್ಸಿನಲ್ಲಿ ಏನಿದೆ?” ಎಂದು ಕೇಳಲಿಲ್ಲ. ಕೇಳಿದ್ದರೆ ಜನ್ನನಿಗೆ ಕಾವ್ಯ ಸಿಕ್ಕುತ್ತಿರಲಿಲ್ಲ, ತ್ರಿವೇಣಿಯವರಿಗೆ ಕಾದಂಬರಿ ಸಿಕ್ಕುತ್ತಿರಲಿಲ್ಲ. ಆದರೆ ಎರಡು ಸಂಸಾರಗಳು ಉಳಿಯುತ್ತಿದ್ದವೋ ಏನೋ!